ಏಣಿಗೆ ಬಿದ್ದ ಬೀಗ

ನಾನು ಏಣಿಯಿಂದ ಬಿದ್ದೆ ಅಂತ ಊರೆಲ್ಲ ಸುದ್ದಿ. ಶುದ್ಧ ಸುಳ್ಳು. ಮೂರನೇ ಮೆಟ್ಟಿಲ ಮೇಲೆ ನಿಂತು ತಲೆಯೆತ್ತಿ ಸೀಲಿಂಗ್ ನೋಡಿದೆ, ಅಷ್ಟೆ. ನಾಲ್ಕೂ ಗೋಡೆ ಗಿರಗಿರ ತಿರುಗಿದವು, ನೆಲವೇ ಎದ್ದು ಬಂದು ನನ್ನ ಬೆನ್ನಿಗೆ ಅಂಟಿಕೊಂಡಿತು. ಕೈಯಲ್ಲಿದ್ದ ಡಬ್ಬದಿಂದ ಒಂದು ತೊಟ್ಟು ಬಣ್ಣವೂ ನೆಲಕ್ಕೆ ಚೆಲ್ಲಲಿಲ್ಲ. ಎಲ್ಲ ನನ್ನ ಮೈಮೇಲೇ ಚೆಲ್ಲಿತು.

ಮೂವತ್ತು ವರ್ಷದಿಂದ ಬಣ್ಣ ಬಳಿಯುತ್ತಿದ್ದೇನೆ. ನಾನು ಬಳಿದ ಗೋಡೆಗಳನ್ನು ಸಾಲಾಗಿ ನಿಲ್ಲಿಸಿದರೆ ಚಂದ್ರನವರೆಗೆ ಹೋಗಿ ಬಂದ ಮೇಲೂ ಎರಡು ಕೋಣೆ ಮಿಗುತ್ತವೆ. ಅಂಥವನ ಏಣಿಗೆ ಹೆಂಡತಿ ಸೈಕಲ್ಲಿನ ಸರಪಳಿ ಸುತ್ತಿ, ಕಿಟಕಿಯ ಸರಳಿಗೆ ಬಿಗಿದು, ಬೀಗ ಜಡಿದಳು.

"ತಲೆಸುತ್ತು ಹೋಗಿದೆ ಅಂತ ಆಸ್ಪತ್ರೇಲಿ ಸಹಿ ಮಾಡಿಸ್ಕೊಂಡು ಬನ್ನಿ, ಬೀಗದ ಕೈ ಕೊಡ್ತೀನಿ."

"ಇನ್ನು ಹತ್ತೇ ದಿನಕ್ಕೆ ಲೈಬ್ರರಿ ಕೆಲಸ ಶುರು ಕಣೇ!"

"ನನ್ನ ತಮ್ಮ ಇದ್ದಾನಲ್ಲ, ಅವನು ಹತ್ತಲಿ."

ಅದೇ ನನ್ನ ಸಂಕಟ. ಲೈಬ್ರರಿಯ ಓದುವ ಹಾಲಿನ ಸೀಲಿಂಗು ಮೋಡಕ್ಕೆ ತಾಗುತ್ತದೆ. ಹದಿನೈದು ವರ್ಷದ ಹಿಂದೆ ಅದನ್ನು ಬಳಿದವನು ನಾನು. ಈ ಭಾವಮೈದನಿಗೆ ಬ್ರಷ್ ಹಿಡಿಯೋದು ಕಲಿಸಿದವನೂ ನಾನೇ. ಈಗಲೂ ಅವನು ಮೂಲೆ ಬಳಿದರೆ ಬೆಕ್ಕು ನೆಕ್ಕಿದ ಹಾಗಿರುತ್ತದೆ. ಅವನು ಒಂದು ಸಲ ಆ ಹಾಲಿನಲ್ಲಿ ಏಣಿ ಹತ್ತಿದನೋ, ಅಲ್ಲಿಂದಾಚೆ ಅವನೇ ಮೇಸ್ತ್ರಿ, ನಾನು ಡಬ್ಬ ಕಲಸುವ ಮುದುಕ.

ಹೋದೆ. ಫಿಸಿಯೋಥೆರಪಿ ಮಾಡುವ ಮೇಡಂ ನನ್ನ ಮಗಳ ವಯಸ್ಸಿನವರು. ನನ್ನನ್ನು ಮೇಜಿನ ಮೇಲೆ ಧಡ್ ಅಂತ ಮಲಗಿಸಿ, ತಲೆಯನ್ನು ಅಂಚಿನಿಂದಾಚೆ ಇಳಿಬಿಟ್ಟು, ಎಡಕ್ಕೆ ತಿರುಗಿಸಿ, ಕಣ್ಣನ್ನೇ ನೋಡುತ್ತ ನಿಂತರು. ಸೂರ್ಯ, ಭೂಮಿ, ಟೇಬಲ್ ಫ್ಯಾನು ಎಲ್ಲ ನನ್ನನ್ನೇ ಸುತ್ತತೊಡಗಿದವು.

"ಎಡಗಿವಿ," ಅಂದರು. "ಕಿವಿಯೊಳಗೆ ತೀರಾ ಸಣ್ಣ ಹರಳುಗಳಿರ್ತವೆ. ನಿಮ್ಮವು ಜಾಗ ಬಿಟ್ಟು ಬೇರೆ ಕಡೆ ನುಗ್ಗಿವೆ. ತಲೇನ ಹಂತ ಹಂತವಾಗಿ ತಿರುಗಿಸಿ ವಾಪಸ್ ಕಳಿಸೋಣ."

"ಸಣ್ಣ ಹರಳಾ? ಬಂಡೆ ಇರ್ಬೇಕು, ಸರಿಯಾಗಿ ನೋಡಿ ಮೇಡಂ."

"ತಲೆಸುತ್ತು ಹತ್ತಕ್ಕೆ ಎಷ್ಟು?"

"ನಲವತ್ತು."

ಅವರು ಬರೆದುಕೊಳ್ಳಲಿಲ್ಲ. ತಲೆಯನ್ನು ಆ ಕಡೆ, ಈ ಕಡೆ ತಿರುಗಿಸಿ, ಮಗ್ಗುಲಾಗಿಸಿ, ಎಬ್ಬಿಸಿ ಕೂರಿಸಿದರು. ಆಮೇಲೆ ಒಂದು ನೋಟ್‌ಬುಕ್ ಕೊಟ್ಟರು. ಕೈ ಚಾಚಿ, ಹೆಬ್ಬೆರಳಿನಿಂದ ಕಣ್ಣು ಕೀಳದೆ ತಲೆ ಆಡಿಸಬೇಕು. ಒಂದು ನಿಮಿಷದಂತೆ ದಿನಕ್ಕೆ ಮೂರು ಸಲ. ಎಷ್ಟು ಮಾಡಿದೆ, ಎಷ್ಟು ಸುತ್ತಿತು, ಇದ್ದದ್ದು ಇದ್ದ ಹಾಗೆ ಬರೆಯಬೇಕು.

ಇದ್ದದ್ದು ಇದ್ದ ಹಾಗೆ! ನಮ್ಮ ವಂಶದಲ್ಲಿ ಆ ರೋಗ ಯಾರಿಗೂ ಬಂದಿಲ್ಲ. ದಿನಾ ಮೂರು ನಿಮಿಷ ಮಾಡಿದ್ದು ನಿಜ. ಆದರೆ 'ಮೂರು' ಅಂತ ಬರೆಯಹೋದರೆ ಕೈಯೇ ಬರಲಿಲ್ಲ. ಗಂಡಸಾದವನು ಮೂರು ಅಂತ ಬರೆಯುತ್ತಾನೆಯೆ?

ವಾರ ಬಿಟ್ಟು ಹೆಂಡತಿಯ ಜೊತೆ ಮತ್ತೆ ಹೋದಾಗ ಮೇಡಂ ಪುಟ ತಿರುವಿದರು. "ಮಂಗಳವಾರ ಎರಡು ಸಾವಿರ ನಿಮಿಷ ತಲೆ ಆಡಿಸಿದ್ದೀರಿ. ದಿನಕ್ಕೆ ಇರೋದೇ ಸಾವಿರದ ನಾನೂರ ನಲವತ್ತು."

"ಅವತ್ತು ಬೇಗ ಎದ್ದಿದ್ದೆ ಮೇಡಂ."

"ನಮ್ಮ ಮದುವೆ ಮಾತುಕತೇಲಿ ಇವರು ಹನ್ನೊಂದು ಏಣಿ ಇದೆ ಅಂದಿದ್ರು," ಹೆಂಡತಿ ಬಾಯಿ ಹಾಕಿದಳು. "ಬಂದು ನೋಡಿದ್ರೆ ಒಂದೇ. ಅದಕ್ಕೆ ಹನ್ನೊಂದು ಮೆಟ್ಟಿಲು."

ಮೇಡಂ ನಗಲಿಲ್ಲ. ಪುಸ್ತಕ ಮುಚ್ಚಿದರು. "ನಿಮ್ಮ ತಲೆಯೊಳಗೆ ಏನು ಸುತ್ತುತ್ತೆ ಅಂತ ಗೊತ್ತಿರೋದು ನಿಮಗೊಬ್ಬರಿಗೇ. ನಿಮ್ಮ ಮಾತು ನಂಬಿ ನಾನು ಸಹಿ ಹಾಕಬೇಕು. ನಾಳೆ ಮೇಲಿಂದ ಬೀಳೋದು ಈ ಪುಸ್ತಕ ಅಲ್ಲ, ನೀವು."

ದಪ್ಪನೆಯ ಸ್ಪಂಜಿನ ಮೇಲೆ ನಿಲ್ಲಿಸಿ, ತಲೆ ಎತ್ತಿ ಸೀಲಿಂಗ್ ನೋಡಿ ಅಂದರು. ನೋಡಿದೆ. ಬ್ರಷ್ಷಿನ ಗೆರೆ ಗೆರೆ, ಮೂಲೆಯಲ್ಲಿ ತೇಪೆ. ಅದನ್ನು ಬಳಿದವನು ಯಾರದೋ ಭಾವಮೈದನೇ ಇರಬೇಕು. ಅಷ್ಟರಲ್ಲಿ ಕೋಣೆ ಒಂಚೂರು ಎಡಕ್ಕೆ ಜಾರಿ, ತಡೆದು, ನಿಂತಿತು.

"ಈಗ ಎಷ್ಟು?"

'ಸೊನ್ನೆ' ಅಂದರೆ ಮುಗಿಯಿತು. ಸಹಿ, ಬೀಗದ ಕೈ, ಸೋಮವಾರ ಲೈಬ್ರರಿ ಸೀಲಿಂಗು. ಬಾಯಿ ತೆರೆದೆ. ಎದುರಿನ ಕನ್ನಡಿಯಲ್ಲಿ ಹೆಂಡತಿ ಕಂಡಳು. ನನ್ನ ಬೆನ್ನ ಹಿಂದೆ, ಮುಟ್ಟದೆ, ಎರಡು ಕೈ ಚಾಚಿಕೊಂಡು ನಿಂತಿದ್ದಳು. ನನ್ನ ತೂಕದಲ್ಲಿ ಅರ್ಧವೂ ಇಲ್ಲದವಳು, ನಾನು ಬಿದ್ದರೆ ಹಿಡಿಯುತ್ತಾಳಂತೆ!

"ಎರಡು," ಅಂದೆ.

ಅವಳ ಕೈ ಕೆಳಗಿಳಿಯಿತು. "ಎರಡು ಸಾವಿರವಾ?"

"ಬರೀ ಎರಡು ಕಣೇ."

ಮೇಡಂ ಮೊದಲ ಸಲ ಪೆನ್ನು ತೆಗೆದು ಬರೆದುಕೊಂಡರು. ಮತ್ತೊಮ್ಮೆ ಮಲಗಿಸಿ ತಲೆ ತಿರುಗಿಸಿದರು. ಇನ್ನೊಂದು ವಾರ ಏಣಿ ಹತ್ತಬಾರದು, ನೆಲದ ಮೇಲೆ ನಿಂತು ಕೈಗೆಟುಕುವ ಕೆಲಸ ಮಾಡಬಹುದು ಅಂದರು.

ಸೋಮವಾರ ಲೈಬ್ರರಿಯಲ್ಲಿ ನಾನು ಗೋಡೆಯ ಬಣ್ಣದ ಡಬ್ಬ ತೆರೆದೆ. ಭಾವಮೈದ ಕಣ್ಣು ಬಿಟ್ಟ.

"ಭಾವ, ಮೊದಲು ಸೀಲಿಂಗು, ಆಮೇಲೆ ಗೋಡೆ ಅಂತ ನನ್ನ ತಲೆಗೆ ಕುಟ್ಟಿ ಕುಟ್ಟಿ ಕಲಿಸಿದ್ದು ನೀವೇ ಅಲ್ವಾ? ಮೇಲಿಂದ ತೊಟ್ಟಿಕ್ಕಿದ್ರೆ ಗೋಡೆ ಗತಿ ಏನು?"

"ಅದು ಹಳೇ ಪದ್ಧತಿ. ಈಗ ಪ್ರಪಂಚದಲ್ಲೆಲ್ಲ ಗೋಡೆ ಮೊದಲು."

"ಸುಮ್ನೆ ಯಾಕೆ, ನನ್ನ ಏಣಿ ಹೊರಗಡೆ ಇದೆ. ನಾನೇ ಹತ್ತಿಬಿಡ್ತೀನಿ."

ಬ್ರಷ್ಷನ್ನು ಡಬ್ಬದ ಮೇಲಿಟ್ಟೆ. "ತಲೆ ಸುತ್ತುತ್ತೆ ಕಣೋ," ಅಂದೆ. "ಹತ್ತಕ್ಕೆ ಎರಡು. ಒಂದು ವಾರ ಕಾಯಿ. ಈ ಸೀಲಿಂಗು ನನಗೆ ಬಿಡು."

ಅವನು ನನ್ನನ್ನೇ ನೋಡಿದ. "ನೀವು ಎರಡು ಅಂದ್ರಾ? ಅಯ್ಯೋ, ಹಾಗಾದ್ರೆ ನಿಜವಾಗ್ಲೂ ಸುತ್ತುತ್ತೆ!" ಅಂದವನೇ ಓಡಿಹೋಗಿ ನನಗೊಂದು ಕುರ್ಚಿ ತಂದ. ಏಣಿ ತರಲಿಲ್ಲ. ವಾರವಿಡೀ ಇಬ್ಬರೂ ಗೋಡೆ ಬಳಿದೆವು, ಕೆಳಗಿನದು ನಾನು, ಮೇಜಿನ ಮೇಲೆ ನಿಂತು ಮೇಲಿನದು ಅವನು; ಒಣಗಿದ ಮೇಲೆ ಹಳೇ ಪೇಪರು ಅಂಟಿಸಿ ಪೂರ್ತಿ ಮುಚ್ಚಿದೆವು.

ಮುಂದಿನ ಸಲ ಸ್ಪಂಜಿನ ಮೇಲೆ ನಿಂತು ತಲೆ ಎತ್ತಿದಾಗ ಕೋಣೆ ಅಲುಗಲಿಲ್ಲ. 'ಸೊನ್ನೆ' ಅಂದೆ. ಮೇಡಂ ಹೆಂಡತಿಯ ಮುಖ ನೋಡಿದರು, ಹೆಂಡತಿ ನನ್ನ ಮುಖ ನೋಡಿದಳು. ಸಹಿ ಬಿತ್ತು. ಬೀಗದ ಕೈಯನ್ನು ಅವಳು ಪರ್ಸಿನಲ್ಲೇ ತಂದಿದ್ದಳು.

ಹತ್ತಿದೆ. ಭಾವಮೈದ ಕೆಳಗೆ ಏಣಿ ಹಿಡಿದುಕೊಂಡ, ನಾನು ಇಡೀ ಸೀಲಿಂಗು ಬಳಿದೆ. ಅಂಥ ಬಿಳುಪು ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲ. ಓದುವವರು ಹಗಲು ಹೊತ್ತಿನಲ್ಲೂ ಕಣ್ಣಿಗೆ ಕೈ ಅಡ್ಡ ಹಿಡಿಯುತ್ತಾರೆ. ಪೇಪರು ಕಿತ್ತಾಗ ಗೋಡೆಯ ಮೇಲೆ ಮೂರು ತೊಟ್ಟು ಬಿದ್ದಿದ್ದವು. ಮೂರೇ. ಬೇಕಾದರೆ ಹೋಗಿ ಎಣಿಸಿ. ನಾಲ್ಕನೆಯದು ಕಂಡರೆ ಅದು ಭಾವಮೈದನದು.