ಬಗ್ಗಿದಾಗಿನ ಅಳತೆ

ಲಕ್ಕಮ್ಮಜ್ಜಿ ಹಾಕಿದ್ದು ಒಂದೇ ಷರತ್ತು. ಮೊಮ್ಮಗಳು ನಯನಾ ಆರತಕ್ಷತೆಗೆ ಗೌನೇ ಹಾಕಿಕೊಳ್ಳಲಿ, ಬೇಡ ಅನ್ನುವುದಿಲ್ಲ. ಆದರೆ ಅದನ್ನು ತೊಟ್ಟು ಹಿರಿಯರ ಕಾಲಿಗೆ ಬಿದ್ದು, ಯಾರ ಕೈಯನ್ನೂ ಹಿಡಿಯದೆ ತಾನೇ ಎದ್ದು ನಿಲ್ಲಬೇಕು. ಆಗದಿದ್ದರೆ ರೇಷ್ಮೆ ಸೀರೆ.

ಬ್ಯಾಟರಾಯನಪುರದ ಹಳೇ ಮನೆತನ ಅವರದು. ಮದುವೆ ಎಂದರೆ ಅರ್ಧ ಊರೇ ವೇದಿಕೆ ಹತ್ತುತ್ತದೆ. ಹತ್ತಿದವರಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಸೋದರತ್ತೆ ಅಲ್ಲದವರನ್ನು ಹುಡುಕಬೇಕು. ನಯನಾಳ ಗೌನಿನ ಆಸೆಯೂ ನಿನ್ನೆ ಮೊನ್ನೆಯದಲ್ಲ. ಕಾಲೇಜಿನ ಕಾಲದಿಂದ ಒಂದು ಚಿತ್ರವನ್ನು ಫೋನು ಬದಲಾದಾಗಲೆಲ್ಲ ಹೊಸ ಫೋನಿಗೆ ಸಾಗಿಸಿಕೊಂಡು ಬಂದಿದ್ದಳು: ಕಡುನೀಲಿ ಗೌನು, ಹಿಡಿಯಷ್ಟು ಸಣ್ಣ ನಡು, ಕೆಳಗೆ ನೆಲ ಗುಡಿಸುವಷ್ಟು ಹರವು. ಮದುವೆ ಗಂಡು ಶರತ್ ಅದಕ್ಕೆ ಒಪ್ಪುವ ಸೂಟನ್ನು ಆಗಲೇ ಹೊಲಿಯಲು ಕೊಟ್ಟಿದ್ದ.

ಮೊದಲು ಹೆಬ್ಬಾಳದ ಗಾಜಿನ ಗೋಡೆಯ ಬಟ್ಟೆ ಅಂಗಡಿ. ನಯನಾ ಮಾದರಿ ಗೌನು ತೊಟ್ಟು ಹೊರಬಂದಾಗ ಅಜ್ಜಿ ಸೋಫಾದ ಮೇಲೆ ಕೂತು ಚಪ್ಪಲಿ ಬಿಚ್ಚಿ, ಎರಡೂ ಪಾದ ಮುಂದಿಟ್ಟರು.

“ಬೀಳು.”

“ಇಲ್ಲೇನಾ ಅಜ್ಜಿ? ಎಲ್ರೂ ನೋಡ್ತಿದಾರೆ.”

“ಛತ್ರದಾಗೆ ಕಣ್ಮುಚ್ಕಂಡಿರ್ತಾರಾ? ಬೀಳು.”

ನಯನಾ ಬಗ್ಗಿದಳು. ಗೌನನ್ನು ಅರಳಿಸಿ ಹಿಡಿಯಲು ಒಳಗಿದ್ದ ತಂತಿಯ ಬಳೆ ಮುಂದೆ ನೆಲಕ್ಕೆ ಒತ್ತಿ ಹಿಂದೆ ಗಾಳಿಗೆ ಸಿಕ್ಕ ಕೊಡೆಯಂತೆ ಮೇಲೆದ್ದಿತು. ಪಕ್ಕದ ಗೊಂಬೆ ಉರುಳಿತು. ಅಂಗಡಿಯ ಹುಡುಗಿ ಓಡಿ ಬಂದು, “ಗೌನಲ್ಲಿ ಯಾರೂ ಬಗ್ಗಲ್ಲ ಮೇಡಂ” ಅಂದಳು.

“ನಮ್ಮೋರು ಬಗ್ತಾರೆ ಕಣಮ್ಮ” ಎಂದು ಅಜ್ಜಿ ಚಪ್ಪಲಿ ಮೆಟ್ಟಿಕೊಂಡರು.

ಎರಡನೆಯದು ಯಶವಂತಪುರದ ಟೈಲರ್ ಬಾಲರಾಜ್ ಅವರದು. ಏನು ಕೇಳಿದರೂ “ಆಗುತ್ತೆ ಮೇಡಂ, ಮಾಡ್ಕೊಡೋಣ” ಅನ್ನುವ ಮನುಷ್ಯ. ಅವರು ಕೊಟ್ಟ ಮಾದರಿ ಮೀನಿನಂತೆ ಮೊಣಕಾಲವರೆಗೂ ಬಿಗಿ. ನಯನಾ ಹೇಗೋ ಕೆಳಗಿಳಿದಳು. ಅಜ್ಜಿ ತಲೆಯ ಮೇಲೆ ಕೈಯಿಟ್ಟು, “ನೂರು ಕಾಲ ಚೆಂದಾಗಿರು, ಏಳಮ್ಮ” ಅಂದರು.

“ಆಗ್ತಿಲ್ಲ ಅಜ್ಜಿ.”

“ಏನಾಗ್ತಿಲ್ಲ?”

“ಏಳೋಕೆ!”

ಬಾಲರಾಜ್ ಒಂದು ತೋಳು, ಅವರ ಹೆಂಡತಿ ಒಂದು ತೋಳು ಹಿಡಿದು ಎತ್ತಿದರು. ಅಷ್ಟಾದರೂ ಆತ, “ಅಡ್ಜಸ್ಟ್ ಮಾಡ್ಬೋದು ಮೇಡಂ” ಅನ್ನುತ್ತಲೇ ಇದ್ದರು.

ಕಾರಿನಲ್ಲಿ ನಯನಾ ಕಿಟಕಿಯತ್ತ ಮುಖ ತಿರುಗಿಸಿ ಕೂತಳು. ಮೇಕ್ರಿ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಅಜ್ಜಿಯೇ ಬಾಯಿ ಬಿಟ್ಟರು. “ಇನ್ನೊಂದ್ ಅಂಗ್ಡಿ ನೋಡಾನ. ಅಲ್ಲೂ ಆಗ್ನಿಲ್ಲ ಅಂದ್ರೆ ಸೀರೆ ಉಟ್ಕೊ. ಮೂತಿ ಯಾಕಂಗೆ ಊದಿಸ್ಕಂಡಿದ್ದೀ?”

ಆರ್.ಟಿ. ನಗರದಲ್ಲಿ ಬೇಕರಿಯ ಮೇಲಿನ ಮಹಡಿಯಲ್ಲಿ ನಸೀಮಾಳ ಹೊಲಿಗೆ ಅಂಗಡಿ. ಮೆಟ್ಟಿಲು ಹತ್ತುವಷ್ಟರಲ್ಲಿ ದಿಲ್‌ಪಸಂದ್‌ನ ವಾಸನೆಗೆ ಅಜ್ಜಿಯ ಕೋಪ ಅರ್ಧ ಇಳಿದಿತ್ತು. ನಸೀಮಾ ಷರತ್ತನ್ನು ಪೂರ್ತಿ ಕೇಳಿಸಿಕೊಂಡು, ಬಾಯಲ್ಲಿದ್ದ ಗುಂಡುಸೂಜಿ ತೆಗೆದಳು.

“ಗೌನು ಆಮೇಲೆ. ಮೊದ್ಲು ನೀನು ಹೆಂಗೆ ಬಗ್ತೀಯ ತೋರ್ಸು.”

ಜೀನ್ಸ್ ತೊಟ್ಟಿದ್ದ ನಯನಾ ಸರಕ್ಕನೆ ಬಾಗಿ, ಅಜ್ಜಿಯ ಮೊಣಕಾಲಿನ ಹತ್ತಿರ ಗಾಳಿಯನ್ನು ಮುಟ್ಟಿ ಎದ್ದಳು.

ನಸೀಮಾ ಬಿದ್ದು ಬಿದ್ದು ನಕ್ಕಳು. “ಬಸ್ಸಲ್ಲಿ ಬಿದ್ದ ಪಾಸ್ ಎತ್ಕೊಂಡಂಗಾಯ್ತು! ಇದಕ್ಕೇನಮ್ಮ ಇಷ್ಟೊಂದು ಅಂಗ್ಡಿ ಸುತ್ತಿದ್ರಿ?”

ಅಜ್ಜಿಗೆ ರೋಷ ಬಂತು. “ಈಗಿನೋರು ಇಂಗೇ. ನಾವು ಅಂಗೆ ಬೀಳ್ತಿರ್ನಿಲ್ಲ. ಮಂಡಿ ಊರಿ, ಅಣೆ ಮುಟ್ಟಿಸಿ... ನನ್ನ ಮದ್ವೇಲಿ ಊರಿಗೆ ಊರೇ ಬಂದಿತ್ತು.”

“ಯಾರ್ಯಾರು ಅಜ್ಜಿ?” ನಸೀಮಾ ಕೇಳಿದಳು.

“ಸೊಣ್ಣಪ್ಪ ಮಾವ. ಕಾಲಿನ ಇಮ್ಮಡಿ ಒಡೆದು ಒಣಗಿದ ಹೊಲದಂಗಿತ್ತು. ನಮ್ಮ ದೊಡ್ಡತ್ತೆ, ಬೆರಳು ಬೆರಳಿಗೂ ಕಾಲುಂಗ್ರ. ಮುನಿವೆಂಕಟಯ್ಯ ಅಂತಿದ್ರು, ಎಡಗಾಲಿಗೆ ಆರು ಬೆರಳು...”

“ಬರೀ ಕಾಲೇ ಹೇಳ್ತಿದ್ದೀರಲ್ಲ! ಮುಖ ಯಾರ್ದೂ ನೆನಪಿಲ್ವಾ?”

ಅಜ್ಜಿ ಬಾಯಿ ತೆರೆದರು. ನೆನಪಿನಲ್ಲಿ ಹುಡುಕಿದರು. ಆ ದಿನದ ಒಂದು ಮುಖವೂ ಸಿಗಲಿಲ್ಲ. “ಯಾವಾಗ ನೋಡ್ಲಿ? ಏಳೋಷ್ಟರಲ್ಲಿ ಇನ್ನೊಂದು ಜೊತೆ ಕಾಲು ಬಂದಿರೋದು. ಇವಳ ತಾತನ ಮುಖಾನೇ ಮಾರನೆ ದಿನ ಸರ್ಯಾಗಿ ನೋಡಿದ್ದು” ಅಂದವರು ತಾವೇ ನಕ್ಕುಬಿಟ್ಟರು. ನಕ್ಕು ಮುಗಿದ ಮೇಲೆ ಮೊಮ್ಮಗಳ ಮುಖವನ್ನೇ ನೋಡಿದರು.

ಅಷ್ಟರಲ್ಲಿ ನಸೀಮಾ ಟೇಪು ಹಿಡಿದು ಎದ್ದಿದ್ದಳು. “ಅಜ್ಜಿ ಹೇಳಿದಂಗೆ ಬಗ್ಗು. ಹಂಗೇ ಇರು, ಏಳ್ಬೇಡ.” ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಬಗ್ಗಿದ ಬೆನ್ನಿನ ಮೇಲೆ ಟೇಪು ಎಳೆದಳು. ಆಮೇಲೆ ಫೋನಿನ ಚಿತ್ರ ನೋಡಿ ತಲೆಯಾಡಿಸಿದಳು. “ಕೇಳಮ್ಮ, ಸುಳ್ಳು ಹೇಳಲ್ಲ. ಎಲ್ರಿಗೂ ಬೀಳೋದಾದ್ರೆ ಉಸಿರಾಡೋಕೆ ನಡು ಸಡಿಲ ಬಿಡ್ಬೇಕು. ಆಗ ಫೋಟೋದಲ್ಲಿರೋ ನಡು ಬರಲ್ಲ. ಫೋಟೋ ಬೇಕಾ, ಬಗ್ಗೋದು ಬೇಕಾ?”

ನಯನಾ ಚಿತ್ರವನ್ನು ನೋಡಿದಳು. ಆಮೇಲೆ ಅಜ್ಜಿಯನ್ನು. ಹೆಬ್ಬಾಳದಿಂದ ಇಲ್ಲಿಯವರೆಗೆ ಮಂಡಿನೋವು ಕಟ್ಟಿಕೊಂಡು ಬಂದ ಅಜ್ಜಿ ಮೆಟ್ಟಿಲು ಹತ್ತಿದ್ದು ಯಾರಿಗಾಗಿ?

“ಬಗ್ಗೋದೇ ಇರ್ಲಿ ಅಕ್ಕ. ನಡು ಸಡಿಲಾನೇ ಬಿಡಿ” ಅಂದಳು. ಫೋನನ್ನು ಚೀಲಕ್ಕೆ ಹಾಕಿದಳು.

“ತಡಿಯಮ್ಮ” ಎಂದರು ಅಜ್ಜಿ. “ಎಲ್ರಿಗೂ ಯಾಕ್ ಬೀಳ್ತೀಯ? ನನಗೊಬ್ಬಳಿಗೆ ಬೀಳು. ಮಿಕ್ಕೋರ್ಗೆ ಮುಖ ನೋಡಿ, ನಕ್ಕು, ಕೈ ಮುಗಿ. ಯಾರಾದ್ರೂ ಕೇಳಿದ್ರೆ ನನ್ತಾವ ಕಳ್ಸು, ನಾನ್ ನೋಡ್ಕೊಂತೀನಿ.” ಆಮೇಲೆ ನಸೀಮಾಳ ಕಡೆ ತಿರುಗಿ, “ಒಂದೇ ಸಲ ಬಗ್ಗೋದಾದ್ರೆ ನಡು ಬಿಗಿ ಮಾಡ್ಬೋದೇನಮ್ಮ?”

“ಒಂದ್ಸಲಕ್ಕಾದ್ರೆ ಫೋಟೋಗೆ ಹತ್ರ ಹತ್ರ ತರ್ತೀನಿ.”

“ಅಂಗಾದ್ರೆ ನೀನೇ ಹೊಲಿ.”

ನಯನಾ ಈ ಸಲ ಹೇಳಿಸಿಕೊಳ್ಳಲಿಲ್ಲ. ಮಂಡಿ ಊರಿ, ಹಣೆಯನ್ನು ಅಜ್ಜಿಯ ಪಾದಗಳಿಗೆ ಮುಟ್ಟಿಸಿದಳು. ಅಜ್ಜಿ ಗದ್ದ ಹಿಡಿದು ಮೇಲೆತ್ತಿದರು. “ಸಾಕು, ಮುಖ ತೋರ್ಸು.”

“ಅಜ್ಜಿ, ನಿಮ್ಗೂ ಒಂದು ಗೌನು ಹೊಲೀಲಾ?” ನಸೀಮಾ ಟೇಪು ಸುತ್ತುತ್ತಾ ಕೇಳಿದಳು.

“ಬ್ಯಾಡಮ್ಮ. ನೆಲ ಗುಡಿಸೋ ಬಟ್ಟೆ ಹಾಕ್ಕಂಡ್ರೆ ಇವಳಿಗೆ ನನ್ನ ಕಾಲು ಎಲ್ಲಿ ಸಿಕ್ತದೆ?”