ಗೋಬರ್ ಗ್ಯಾಸಿನ ಡ್ರಮ್ಮಿನ ಮೇಲೊಂದು ತಾವರೆ

ಮಿಶ್ರಿಕೋಟಿಯ ಗೂಳಪ್ಪನ ಹಿತ್ತಲಿನಲ್ಲಿ ಗೋಬರ್ ಗ್ಯಾಸಿನ ಗುಂಡಿ ಇದೆ. ಗುಂಡಿಯ ತುಂಬ ಸೆಗಣಿ ರಾಡಿ, ಅದರಲ್ಲಿ ಬೋರಲು ಹಾಕಿದ ದೊಡ್ಡ ಕಬ್ಬಿಣದ ಡ್ರಮ್ಮು. ಗ್ಯಾಸು ತುಂಬಿದರೆ ಡ್ರಮ್ಮು ಏಳುತ್ತದೆ, ಖಾಲಿಯಾದರೆ ಇಳಿಯುತ್ತದೆ. ಪ್ರತಿ ದೀಪಾವಳಿಗೆ ಗೂಳಪ್ಪ ಅದರ ನೆತ್ತಿಗೆ ನೀಲಿ ಬಣ್ಣ ಬಳಿದು, ನಡುವೆ ಒಂದು ಕೆಂಪು ತಾವರೆ ಬರೆಯುತ್ತಿದ್ದ. ಬಂದ ಬೀಗರು ಹೊಗಳಬೇಕು, ಇವನು ಮೀಸೆ ತಿರುವಬೇಕು. ರಾಡಿಯಲ್ಲಿ ಮುಳುಗಿದ ಭಾಗವನ್ನು ಎತ್ತಿ ನೋಡಿದವರು ಮಾತ್ರ ಯಾರೂ ಇಲ್ಲ. ಅದು ಬೀಗರಿಗೆ ಕಾಣುವುದಿಲ್ಲವಲ್ಲ!

ಈ ವರ್ಷ ಡ್ರಮ್ಮು ಏಳಲೇ ಇಲ್ಲ. ಒಂದು ರೊಟ್ಟಿ ಬೇಯುವಷ್ಟರಲ್ಲಿ ಉರಿ ಆರಿಹೋಗತೊಡಗಿತು. ಸಿಲಿಂಡರು ಚಹಾಕ್ಕೆ, ಪಲ್ಯಕ್ಕೆ ಸಾಕು. ಮನೆಮಂದಿಗೆಲ್ಲ ರೊಟ್ಟಿ ಬಡಿಯಲು ಹೆಂಡತಿ ಮಹಾನಂದಾ ಮತ್ತೆ ಕಟ್ಟಿಗೆ ಒಲೆ ಹೊತ್ತಿಸಿದಳು. ಹೊಗೆಗೆ ಪಡಸಾಲೆಯಲ್ಲಿದ್ದ ಅತ್ತೆ ಗೌರಕ್ಕನ ದಮ್ಮು ಕೆರಳಿತು. ಮುದುಕಿ ಕೆಮ್ಮಿ ಕೆಮ್ಮಿ ಗೋಡೆ ಹಿಡಿದು ಕೂರುವುದನ್ನು ನೋಡಿ ಮಹಾನಂದಾ ಗಂಡನ ಮುಂದೆ ಬಂದು ನಿಂತಳು.

"ಏನ್ರಿ, ಗ್ಯಾಸ್ ಎಲ್ಲಿ ಸೋರಾಕತ್ತೈತಿ ನೋಡ್ರಿ. ಅತ್ತಿ ಈ ಹೊಗಿಯೊಳಗ ಉಳ್ಯೂದಿಲ್ಲ."

"ಮುಗೀತ ಬಿಡು ಆ ಡ್ರಮ್ಮಿನ ಕಥಿ. ನಾಳೆ ಗುಜರಿಯಾಂವಗ ಬಾ ಅಂದೇನಿ," ಎಂದ ಗೂಳಪ್ಪ. ಹೆಂಡತಿ ಬಿಡಲಿಲ್ಲ. ಗೊಣಗುತ್ತ ಹಿತ್ತಲಿಗೆ ಹೋದವನು ಸೋರುವ ಜಾಗ ಹುಡುಕಲು ಬೆಂಕಿಪೆಟ್ಟಿಗೆ ತೆಗೆದ.

"ಗೂಳಪ್ಪಣ್ಣಾ! ಕಡ್ಡಿ ಗೀರಬ್ಯಾಡ್ರಿ!"

ಕೂಗಿದವಳು ಪಕ್ಕದ ಮನೆಯ ಮಲಿಕಾಬಿ, ಸ್ವಸಹಾಯ ಸಂಘದಲ್ಲಿ ಮಹಾನಂದಾಳ ಜೊತೆಗಾತಿ. ಅವಳ ಮನೆಯಲ್ಲೂ ಇಂಥದ್ದೇ ಡ್ರಮ್ಮು, ಹೋದ ವರ್ಷ ರಿಪೇರಿ ಆದದ್ದು. "ಬೆಂಕಿ ಹಚ್ಚಿ ಗ್ಯಾಸ್ ಹುಡುಕಿದ್ರ ಮೀಸಿ ಉಳೀತಾವೇನ್ರಿ?" ಎನ್ನುತ್ತ ಬಂದು ಡ್ರಮ್ಮಿನ ಸುತ್ತ ಸಾಬೂನಿನ ನೊರೆ ಸವರಿದಳು. ರಾಡಿಯ ಅಂಚಿನಲ್ಲಿ ನೊರೆ ಬುಳುಬುಳು ಉಬ್ಬಿತು.

"ಇಷ್ಟ ಅಲ್ಲೇನು? ಮ್ಯಾಲೆ ಇನ್ನೊಂದ್ ಸಲ ಬಣ್ಣಾ ಹೊಡದ್ರಾತು," ಎಂದ ಗೂಳಪ್ಪ.

"ಕಜ್ಜಿ ಮ್ಯಾಲೆ ಪೌಡರ್ ಹಚ್ಚಿದ್ರ ಕಜ್ಜಿ ಹೋಗತೈತೇನ್ರಿ? ಮೊದಲ ಎತ್ತಸ್ರಿ ಅದನ್ನ."

ಮರುದಿನ ಗ್ಯಾಸನ್ನೆಲ್ಲ ಹೊರಬಿಟ್ಟು, ಬೀಡಿ ಸೇದುವವರನ್ನು ದೂರ ಅಟ್ಟಿ, ಓಣಿಯ ಗಂಡಸರು ಹಗ್ಗ ಹಾಕಿ ಡ್ರಮ್ಮು ಎತ್ತಿದರು. ಮೇಲೆ ತಾವರೆ ಫಳಫಳ. ಕೆಳಗೆ ಸುತ್ತಲೂ ಸೊಂಟದ ಪಟ್ಟಿಯಂತೆ ತುಕ್ಕು, ತೂತು. ಗುಜರಿಯವನು ತಕ್ಕಡಿ ಹಿಡಿದು ನಿಂತೇ ಇದ್ದ.

"ನೋಡಿದಿಲ್ಲ? ನಾ ಏನ್ ಹೇಳಿದ್ನಿ?" ಎಂದ ಗೂಳಪ್ಪ.

ಮಹಾನಂದಾ ಡ್ರಮ್ಮಿಗೆ ಬೆನ್ನು ಕೊಟ್ಟು ನಿಂತಳು. "ಏ ಅಣ್ಣಾ, ಮೊದಲ ನಮ್ಮತ್ತಿ ಕೆಮ್ಮು ತೂಗು. ಆಮ್ಯಾಲೆ ಡ್ರಮ್ ತೂಗು!" ಗುಜರಿಯವನು ತಕ್ಕಡಿ ಮಡಿಚಿದ.

ಮಲಿಕಾಬಿಯ ಗಂಡ ಯಾಕೂಬಸಾಬ ಗೇಟು, ಕಿಟಕಿ ಮಾಡುವವನು. ಸುತ್ತಿಗೆಯಿಂದ ಬಡಿದು ನೋಡಿದ. ಮೇಲೂ ಠಣ್, ಕೆಳಗೂ ಠಣ್. "ನಡುವಿನ ಪಟ್ಟಿ ಅಷ್ಟ ಹೋಗೈತ್ರಿ, ಉಳಿದದ್ದು ಅಗದಿ ಗಟ್ಟಿ."

"ಅಲ್ಲೇ ಯಾಕ ತುಕ್ಕು ತಿಂತು ಮತ್ತ?" ಗೂಳಪ್ಪನ ದನಿ ಈಗ ಇಳಿದಿತ್ತು.

"ನೀರೂ ಗಾಳೀನೂ ಕೂಡಿದಲ್ಲೆ ಜಂಗು ಜೋರ್ರಿ," ಎಂದಳು ಮಲಿಕಾಬಿ. "ಡ್ರಮ್ ಏರಿಳಿದಂಗ ಈ ಪಟ್ಟಿ ತೊಯ್ಯತೈತಿ, ಒಣಗತೈತಿ. ಒಳಗಿಂದ ಗ್ಯಾಸೂ ತಿಂತೈತಿ. ನೀವು ತಾವರಿ ಬರದದ್ದು ನೆತ್ತಿಗೆ!"

ಡ್ರಮ್ಮನ್ನು ಒಳಗೂ ಹೊರಗೂ ತೊಳೆದು, ಗ್ಯಾಸಿನ ವಾಸನೆ ಪೂರ್ತಿ ಹೋಗುವ ತನಕ ಬಯಲಲ್ಲಿ ಬಿಟ್ಟರು. ಆಮೇಲೇ ವೆಲ್ಡಿಂಗ್. ತುಕ್ಕಿನ ಪಟ್ಟಿ ಕತ್ತರಿಸಿ ದಪ್ಪ ತಗಡಿನ ಹೊಸ ಪಟ್ಟಿ ಕೂಡಿಸಿದರು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಗೂಳಪ್ಪನೇ ತಂತಿ ಬ್ರಷ್ಷಿನಿಂದ ಉಳಿದ ತುಕ್ಕನ್ನೆಲ್ಲ ಉಜ್ಜಿದ. ಕಬ್ಬಿಣ ಹೊಳೆದ ದಿನವೇ ತುಕ್ಕು ತಡೆಯುವ ಸತುವಿನ ಪ್ರೈಮರ್ ಬಿತ್ತು. ಅದು ಒಣಗಿದ ಮೇಲೆ ನೀರಲ್ಲಿ ನಿಲ್ಲುವ ಕಪ್ಪು ಡಾಂಬರ್ ಎಪಾಕ್ಸಿ ಬಣ್ಣ, ಎರಡು ಕೈ, ಒಳಗೂ ಹೊರಗೂ. "ವೆಲ್ಡಿಂಗ್ ಜೋಡು ಮರೀಬ್ಯಾಡ್ರಿ, ಜಂಗು ಅಲ್ಲಿಂದನ ಒಳಗ ಬರತೈತಿ," ಎಂದು ಯಾಕೂಬಸಾಬ ಪಕ್ಕದಲ್ಲೇ ನಿಂತು ಹೇಳುತ್ತಿದ್ದ.

ಡ್ರಮ್ಮು ಗುಂಡಿಗೆ ಇಳಿಯಿತು. ಆಮೇಲಿನ ದಿನಗಳಲ್ಲಿ ಗೂಳಪ್ಪನಿಗೆ ಹಿತ್ತಲೇ ಮನೆ. ಒಂದು ಮುಂಜಾನೆ ಓಣಿಯೆಲ್ಲ ಎದ್ದು ಕೂರುವಂತೆ ಕೂಗಿದ. "ಎದ್ದೈತಿ! ಲೇ ಮಹಾನಂದಾ, ಡ್ರಮ್ ಎದ್ದೈತಿ!"

ನೊರೆ ಸವರಿದರು. ಒಂದು ಗುಳ್ಳೆಯೂ ಏಳಲಿಲ್ಲ. ಒಲೆಯಲ್ಲಿ ನೀಲಿ ಉರಿ ಭುಸ್ಸೆಂದಿತು, ಹಂಚಿನ ಮೇಲೆ ರೊಟ್ಟಿ ಉಬ್ಬಿತು. ಗೌರಕ್ಕ ಒಲೆಯ ಬಾಜುವೇ ಕುಳಿತು ಬಿಸಿ ರೊಟ್ಟಿ ತಿಂದಳು. ಕೆಮ್ಮಲಿಲ್ಲ. "ಇನ್ನೊಂದು ಹಾಕ ಯವ್ವಾ," ಎಂದಳು. ಮಹಾನಂದಾ ಅತ್ತುಬಿಟ್ಟಳು, ಆದರೆ ಇದು ಹೊಗೆಯ ಕಣ್ಣೀರಲ್ಲ.

ಓದುವ ಅಕ್ಕಂದಿರೇ, ಅಣ್ಣಂದಿರೇ, ಇವತ್ತೇ ನಿಮ್ಮ ಹಿತ್ತಲಿಗೆ ಹೋಗಿ. ಗೋಬರ್ ಗ್ಯಾಸಿನ ಡ್ರಮ್ಮಿರಲಿ, ದನದ ಕೊಟ್ಟಿಗೆಯ ಕಂಬದ ಬುಡವಿರಲಿ, ನೀರಿನ ಟಾಕಿಯ ಕಾಲಿರಲಿ, ಕಣ್ಣಿಗೆ ಬೀಳದ ಜಾಗವನ್ನೇ ಬಗ್ಗಿ ನೋಡಿ. ತುಕ್ಕು ಕಂಡರೆ ಅದರ ಮೇಲೇ ಬಣ್ಣ ಬಳಿಯಬೇಡಿ. ಉಜ್ಜಿ ತೆಗೆದು, ಪ್ರೈಮರ್ ಹಚ್ಚಿ, ಆಮೇಲೆ ಬಣ್ಣ ಹಚ್ಚಿ. ಗ್ಯಾಸಿನ ಹತ್ತಿರ ಕಡ್ಡಿ ಮಾತ್ರ ಗೀರಬೇಡಿ.

ಅಂದಹಾಗೆ, ಈ ದೀಪಾವಳಿಗೂ ಗೂಳಪ್ಪ ಕೆಂಪು ಬಣ್ಣದ ಡಬ್ಬಿ ಹಿಡಿದು ಬಂದ. ಮಹಾನಂದಾ ಅಡ್ಡ ನಿಂತಳು. "ವರ್ಷಕ್ಕೊಮ್ಮೆ ಎತ್ತಿ ನೋಡತೇನಿ ಅಂತ ಮಾತು ಕೊಡ್ರಿ. ಮೊದಲ ತಳಾ, ಆಮ್ಯಾಲೆ ತಾವರಿ."

ಗೂಳಪ್ಪ ಮಾತು ಕೊಟ್ಟ. ಡ್ರಮ್ಮಿನ ಮೇಲೆ ಈಗ ಎರಡು ತಾವರೆ ಇವೆ: ಒಂದು ಬೀಗರಿಗೆ, ಇನ್ನೊಂದು ಕೊಟ್ಟ ಮಾತಿಗೆ.