ಹಾರೆ ತಾಕದ ಗೋಡೆ

"ಮುಟ್ಟಿ ನೋಡಿ ಗೌಡ್ರೇ, ನೀವೇ ಮುಟ್ಟಿ ನೋಡಿ!"

ರೇವಮ್ಮ ಎಂಟು ತಿಂಗಳ ಕೂಸನ್ನು ಸೊಂಟಕ್ಕೇರಿಸಿಕೊಂಡು ಗೋಡೆಯತ್ತ ಕೈ ಚಾಚಿದಳು. ನಲವತ್ತೊಂದನೇ ಇಸವಿಯ ಆಷಾಢದ ಜಡಿಮಳೆಗೆ ಮಣ್ಣಿನ ಗೋಡೆ ನೆನೆದು ಉಬ್ಬಿಕೊಂಡಿತ್ತು. ಚನ್ನರಾಯಪಟ್ಟಣದ ಆ ಬಾಡಿಗೆ ಮನೆಯಲ್ಲಿ ಮಲಗಲು ಇದ್ದದ್ದು ಆ ಗೋಡೆಯ ಕೋಣೆಯೊಂದೇ.

ದಂಡಿಗನಹಳ್ಳಿಯಿಂದ ಗಾಡಿ ಕಟ್ಟಿಕೊಂಡು ಬಂದಿದ್ದ ಮನೆಯ ಯಜಮಾನ ನಂಜಪ್ಪ ಗೋಡೆ ಮುಟ್ಟಿ ತಲೆಯಾಡಿಸಿದ.

"ಕೆಡವಿ ಕಟ್ಬೇಕು, ನಂಗೇನ್ ಗೊತ್ತಿಲ್ವಾ? ಆದ್ರೆ ಸೊಸೆ ಬಸ್ರಿ ಕಣವ್ವ. ಬಸ್ರಿ ಇರೋ ಮನೆಯೋರು ಗ್ವಾಡೆ ಕೆಡವಬಾರ್ದು, ಮಣ್ಣು ಅಗೀಬಾರ್ದು. ಮದ್ವೆ ಆಗಿ ಒಂಬತ್ತು ವರ್ಸ ಆದ್ಮ್ಯಾಲೆ ಬಸ್ರು ನಿಂತೈತೆ. ದೀವಳ್ಗೆ ವೊತ್ಗೆ ಎರಿಗೆ. ಆಮ್ಯಾಕೆ ಆಳು ಕರ್ಕೊಂಡ್ ಬತ್ತೀನಿ. ಅಲ್ಲೀಗಂಟ ನೀವೂ ಗ್ವಾಡೆಗೆ ಆರೆ ತಾಕಿಸ್ಬ್ಯಾಡಿ, ನಿಮ್ ದಮ್ಮಯ್ಯ."

"ಅಷ್ಟರೊಳಗೆ ನನ್ನ ಕೂಸಿನ ಮೇಲೆ ಬಿದ್ರೆ?"

ನಂಜಪ್ಪ ಗಾಡಿ ಹೂಡಿಕೊಂಡು ಹೊರಟ. ಸುಳ್ಳುಗಾರನಲ್ಲ ಪುಣ್ಯಾತ್ಮ, ಅದೇ ಕಷ್ಟ. ಸುಳ್ಳುಗಾರನಾಗಿದ್ದರೆ ಬೀದಿಯಲ್ಲಿ ನಿಲ್ಲಿಸಿ ಮಾನ ಕಳೆಯಬಹುದಿತ್ತು. ಇನ್ನು ಗಂಡ ಪರಮಶಿವಯ್ಯನೋ, ಜವಳಿ ಅಂಗಡಿಯ ಗುಮಾಸ್ತ. ಜಗಳವೆಂದರೆ ಮಾರು ದೂರ. "ಅವರ ಸೊಸೆಯೂ ಹೆಣ್ಣಲ್ವೇನೆ, ತಡ್ಕೋ" ಅಂದು ಅಂಗಡಿಗೆ ಹೋದ.

ಶ್ರಾವಣದಲ್ಲಿ ಒಂದು ಬೆಳಿಗ್ಗೆ, ಕೂಸನ್ನು ಎತ್ತಿಕೊಂಡು ಎರಡು ಹೆಜ್ಜೆ ಇಟ್ಟಿರಲಿಲ್ಲ, ಬೊಗಸೆಯಷ್ಟು ಮಣ್ಣು ಹಾಸಿಗೆಯ ಮೇಲೆ ಕಳಚಿಬಿತ್ತು. ರೇವಮ್ಮ ಅಂದೇ ಹಾಸಿಗೆಯನ್ನು ಅಡುಗೆಮನೆಗೆ ಎಳೆದಳು. ಹೊಗೆಗೆ ಕೂಸು ಕೆಮ್ಮಿ ಕೆಮ್ಮಿ ನೀಲಿಗಟ್ಟಿದಾಗ ಅವಳಿಗೆ ತಡೆಯಲಾಗಲಿಲ್ಲ.

"ಅವಳ ಬಸುರು ಹೇಗಾದ್ರೂ ಬೇಗ ಮುಗಿದು ಹೋಗ್ಲಪ್ಪಾ ಶಿವನೇ!" ಅಂದುಬಿಟ್ಟಳು. ಅಂದಮೇಲೆ ನಾಲಿಗೆ ಕಚ್ಚಿಕೊಂಡಳು.

ಗೌರಿ ಹಬ್ಬಕ್ಕೆ ನಾಲ್ಕು ದಿನವಿರುವಾಗ ನಂಜಪ್ಪ ಬಂದ. ಹಿಂದೆ ಇಬ್ಬರು ಆಳು, ಹಾರೆ, ಗುದ್ದಲಿ.

"ಅಂತೂ ಬಂದ್ರಲ್ಲ ಗೌಡ್ರೇ! ನನ್ನ ಕೂಸು ಬದುಕ್ತು!" ರೇವಮ್ಮ ಹಿಗ್ಗಿ ಬಾಗಿಲು ಪೂರಾ ತೆರೆದಳು. ಆಮೇಲೆ ಅವಳ ಕೈ ಬಾಗಿಲ ಮೇಲೇ ನಿಂತಿತು. "ದೀಪಾವಳಿಗೆ ಇನ್ನೂ..."

"ಇನ್ನೇನ್ ಅಡ್ಡಿ ಇಲ್ಲ ಕಣವ್ವ," ಎಂದ ನಂಜಪ್ಪ. ಗಡ್ಡ ಬೆಳೆದಿತ್ತು. ಆಳುಗಳ ಕಡೆ ತಿರುಗಿ, "ಕೆಡವ್ರಲಾ," ಎಂದ.

ಅಯ್ಯೋ, ನನ್ನ ಬಾಯಿಗೆ ಬೆಂಕಿ ಹಾಕ! ತಾನು ಬೇಡಿಕೊಂಡಂತೆಯೇ ಆ ಬಸುರು ಮುಗಿದು ಹೋಗಿತ್ತು. ಸಮಾಧಾನದ ಮಾತಾಡಲು ತನಗೆ ಯಾವ ಮೋರೆ? ಗೋಡೆ ಧೊಪ್ಪನೆ ಉರುಳಿತು. ನಂಜಪ್ಪ ಪಂಚೆ ಮೇಲಕ್ಕೆ ಕಟ್ಟಿ, ಹೊಸ ಗೋಡೆಯ ಮಣ್ಣನ್ನು ತಾನೇ ತುಳಿಯತೊಡಗಿದ.

ಸದ್ದಿಗೆ ಅಡುಗೆಮನೆಯಲ್ಲಿ ಕೂಸು ಎದ್ದು ಕಿರುಚಿತು. ರೇವಮ್ಮ ಓಡಿಹೋಗಿ ಬಾಗಿಲು ಮುಚ್ಚಿದಳು. ಅವಸರದಲ್ಲಿ ಮೊಲೆಯನ್ನು ಅದರ ಬಾಯಿಗಿಟ್ಟು, ಸೆರಗು ಹೊದಿಸಿ, ಕೂಸಿನ ದನಿ ಹೊರಗಿದ್ದ ನಂಜಪ್ಪನ ಕಿವಿಗೆ ಬೀಳದಂತೆ ಮೂಲೆಯಲ್ಲಿ ಬಗ್ಗಿ ಕೂತಳು.